ಕ್ವಾರಿ ಗೋಡೆಯ ಮುಂದೆ ಹದಿನೈದು ಮುಖ

ಜುಲೈ 8, ಸೋಮವಾರ

ಈ ನೋಟ್‌ಬುಕ್ಕು ನನ್ನ ಇಷ್ಟದ್ದಲ್ಲ, ಡಾಕ್ಟರಮ್ಮನ ಅಪ್ಪಣೆಯದು. ಮುಖದ ವ್ಯಾಯಾಮ ಹೇಳಿಕೊಡುವ ಈ ಫಿಸಿಯೋ ಡಾಕ್ಟರಮ್ಮನಿಗೆ ನನ್ನ ಅರ್ಧ ವಯಸ್ಸು, ಗತ್ತು ಮಾತ್ರ ನನ್ನ ಎರಡರಷ್ಟು. ದಿನಾ ವ್ಯಾಯಾಮ ಮಾಡಬೇಕಂತೆ. ಹುಬ್ಬು ಎದ್ದಿತೇ, ಕೆನ್ನೆಯಲ್ಲಿ ಗಾಳಿ ನಿಂತಿತೇ ಎಂದು ಬರೆದಿಡಬೇಕಂತೆ. ದಿನಕ್ಕೊಂದು ಫೋಟೋ ಬೇರೆ ತೆಗೆದಿಡಬೇಕಂತೆ. ಇಪ್ಪತ್ನಾಲ್ಕು ವರ್ಷ ಭೂವಿಜ್ಞಾನ ಕಲಿಸಿದವಳಿಗೆ ಬರೆದಿಡುವುದು ನೀರು ಕುಡಿದಷ್ಟು ಸುಲಭ. ಈಗ ನೀರು ಕುಡಿಯುವುದೇ ಕಷ್ಟ, ಎಡಗಡೆಯಿಂದ ಸೋರುತ್ತದೆ, ಆ ಮಾತು ಬೇರೆ. ಫೋಟೋ ಮಾತ್ರ ಆಗದು ಅಂದೆ.

ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ಮುಖದ ಎಡಭಾಗ ನನ್ನ ಮಾತು ಕೇಳುವುದನ್ನು ನಿಲ್ಲಿಸಿತ್ತು. ಕಣ್ಣು ಮುಚ್ಚುವುದಿಲ್ಲ, ಕೆನ್ನೆ ಜೋತುಬಿದ್ದಿದೆ, ನಕ್ಕರೆ ಬಾಯಿ ಬಲಕ್ಕೆ ಓಡುತ್ತದೆ. ಮುಖದ ನರಕ್ಕೆ ಊತವಷ್ಟೇ, ಕೆಲವು ತಿಂಗಳಲ್ಲಿ ಬಹುಪಾಲು ಮಂದಿಗೆ ವಾಸಿಯಾಗುತ್ತದೆ ಎಂದರು. ನನಗೂ ಆಗುತ್ತದೆ, ಅದರಲ್ಲಿ ಅನುಮಾನವೇ ಇಲ್ಲ.

ಇವತ್ತು ವಿಶ್ವವಿದ್ಯಾಲಯಕ್ಕೆ ಮರಳಿದ ಮೊದಲ ದಿನ. ವಿಭಾಗದ ಮುಖ್ಯಸ್ಥರು ಕರೆಸಿ ಕೂರಿಸಿದರು. ಒಂದು ಕಾಲಕ್ಕೆ ನನ್ನದೇ ವಿದ್ಯಾರ್ಥಿ. ನಮ್ಮಲ್ಲಿ ಕಲ್ಲಿನ ಫೋಟೋ ತೆಗೆದರೆ ಅಳತೆ ತಿಳಿಯಲು ಪಕ್ಕದಲ್ಲಿ ಸುತ್ತಿಗೆ ಇಡುತ್ತೇವೆ, ಮನುಷ್ಯರು ಅದರಲ್ಲಿ ಕಾಣಿಸಬಾರದು. ಈ ಮಹಾಶಯ ತೆಗೆದ ಫೋಟೋದಲ್ಲಿ ಅವರ ತಲೆಯ ನೆರಳು ಬಿದ್ದಿತ್ತು, ಎರಡು ಅಂಕ ಕಳೆದಿದ್ದೆ. ಅದನ್ನು ಅವರು ಮರೆತಿಲ್ಲ.

"ಮೇಡಂ, ಮುಖ ಸರಿಹೋಗೋವರೆಗೂ ಪರೀಕ್ಷಾ ವಿಭಾಗದಲ್ಲಿ ಇರ್ತೀರಾ? ಆರಾಮಾಗಿರುತ್ತೆ. ಯಾರನ್ನೂ ಎದುರಿಸಬೇಕಾಗಿಲ್ಲ."

"ನಾನು ಪಾಠ ಮಾಡೋದು ಬಾಯಿಂದ," ಅಂದೆ.

"ಅದೇ ಮೇಡಂ," ಅಂದು ತಲೆ ತಗ್ಗಿಸಿದರು. ಕೆಟ್ಟ ಮನುಷ್ಯನಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಸೆಪ್ಟೆಂಬರ್‌ವರೆಗೆ ತರಗತಿ ನನ್ನದು. ಆಮೇಲೆ ನೋಡಿ ತೀರ್ಮಾನ. ಜೊತೆಗೆ ಒಂದು ಸುತ್ತೋಲೆ ಕೈಗಿಟ್ಟರು. ಎಲ್ಲ ವಿಭಾಗಗಳೂ ಈ ಸಲ ಸೆಲ್ಫಿಯನ್ನು ಕಲಿಕೆಯ ಚಟುವಟಿಕೆಯಾಗಿ ಬಳಸಬೇಕು, ಅವುಗಳ ಪ್ರದರ್ಶನ ಸೆಪ್ಟೆಂಬರ್ ಆರಕ್ಕೆ, ಮೊದಲ ಸೆಲ್ಫಿ ಅಧ್ಯಾಪಕರದ್ದೇ ಇರಬೇಕು. ದೇವರಿಗೆ ನನ್ನ ಮೇಲೆ ಎಷ್ಟು ತಮಾಷೆ!

ಹುಬ್ಬು: ಇಲ್ಲ. ಕೆನ್ನೆ: ಗಾಳಿ ಸೋರಿತು. ಫೋಟೋ: ಇಲ್ಲ.

ಜುಲೈ 10, ಬುಧವಾರ

ತರಗತಿಯಲ್ಲಿ ಹದಿನಾಲ್ಕು ಮಂದಿ. ಕಪ್ಪು ಕನ್ನಡಕ ಹಾಕಿಕೊಂಡು ಹೋದೆ, ಪಾಠದ ಬಹುಭಾಗ ಬೋರ್ಡಿನಲ್ಲಿ ಚಿತ್ರ ಬರೆಯುತ್ತಾ ಮುಗಿಸಿದೆ. ಇಷ್ಟು ಚೆಂದದ ಚಿತ್ರ ನಾನು ಎಂದೂ ಬರೆದಿರಲಿಲ್ಲ. 'ಪ', 'ಬ', 'ಮ' ತುಟಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ 'ಪದರ' ಎನ್ನುವ ಬದಲು 'ಹಾಸು' ಎಂದು ಹೇಳಿ ದಾಟಿಸಿದೆ. ಯಾರಿಗೂ ಗೊತ್ತಾಗಲಿಲ್ಲ.

ಟೀ ನನ್ನ ಕೋಣೆಯಲ್ಲೇ, ಬಾಗಿಲು ಹಾಕಿಕೊಂಡು, ಸ್ಟ್ರಾದಲ್ಲಿ.

ಹುಬ್ಬು: ಇಲ್ಲ. ಕೆನ್ನೆ: ಇಲ್ಲ. ಫೋಟೋ: ಇಲ್ಲ.

ಜುಲೈ 15, ಸೋಮವಾರ

ಸೆಲ್ಫಿ ಸಮಸ್ಯೆ ಬಗೆಹರಿಸಿದೆ. ನನ್ನನ್ನು ಸಿಕ್ಕಿಸುವುದು ಸುತ್ತೋಲೆಯಿಂದ ಆಗುವ ಕೆಲಸವಲ್ಲ.

ಕ್ಯಾಂಪಸ್ಸಿನ ಹಿಂದೆ ಹಳೇ ಕಲ್ಲು ಕ್ವಾರಿ ಇದೆ. ಅದರ ಉತ್ತರದ ಗೋಡೆಯಲ್ಲಿ ಕಲ್ಲಿನ ಪದರಗಳು ಒಂದರ ಮೇಲೊಂದು ಮಲಗಿವೆ, ಎಲ್ಲವೂ ಓರೆಯಾಗಿ. ವಿದ್ಯಾರ್ಥಿಗಳು ಆ ಗೋಡೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಳ್ಳಬೇಕು, ಪದರಗಳ ವಾಟ ಯಾವ ದಿಕ್ಕಿಗೆ ಇಳಿದಿದೆ ಎಂದು ಬರೆಯಬೇಕು, ಆ ಕಲ್ಲು ತಮಗೇನು ಹೇಳಿತು ಎಂದು ನಾಲ್ಕು ಸಾಲು ಸೇರಿಸಬೇಕು. ಮಾದರಿಗೆ ಅಧ್ಯಾಪಕರ ಸೆಲ್ಫಿ? ನನ್ನ ಸುತ್ತಿಗೆಯನ್ನು ಗೋಡೆಗೆ ಒರಗಿಸಿ, ಅದರ ತಲೆಗೆ ನನ್ನ ಹಳೇ ಕರ್ಚೀಫು ಕಟ್ಟಿ ಫೋಟೋ ತೆಗೆದು ತೋರಿಸಿದೆ. "ಇವರೇ ನಿಮ್ಮ ಮೇಡಂ," ಅಂದೆ. ತರಗತಿ ಗೊಳ್ಳೆಂದಿತು.

ಒಬ್ಬಳು ಮಾತ್ರ ನಗಲಿಲ್ಲ. ಸದಾ ಅಕ್ಷರ ಬರೆದ ನೀಲಿ ಟೋಪಿ ಹಾಕಿಕೊಂಡು ಬರುವವಳು. ಹುಡುಗರು ಅವಳನ್ನು ಟೋಪಿ ಎಂದೇ ಕರೆಯುತ್ತಾರೆ. "ಮೇಡಂ, ನಮ್ಮ ಮುಖ ಬರ್ಬೇಕು, ನಿಮ್ಮದು ಬರ್ಬಾರ್ದಾ?" ಅಂದಳು.

"ಸುತ್ತಿಗೆಗಿಂತ ನಾನು ಚೆಂದ ಇಲ್ಲ," ಅಂದು ಬೋರ್ಡಿನ ಕಡೆ ತಿರುಗಿದೆ. ತಲೆಹರಟೆ.

ಹುಬ್ಬು: ಇಲ್ಲ. ಕೆನ್ನೆ: ಎರಡು ಎಣಿಸುವಷ್ಟು ನಿಂತಿತು. ಫೋಟೋ: ಸುತ್ತಿಗೆಯದು.

ಜುಲೈ 21, ಭಾನುವಾರ

ನಾನೂ ಅಕ್ಕನೂ ಇರುವುದು ಅವಳ ಟೈಲರಿಂಗ್ ಅಂಗಡಿಯ ಮೇಲಿನ ಮನೆಯಲ್ಲಿ. ಮೆಟ್ಟಿಲು ಇಳಿದರೆ ನೇರ ಅಂಗಡಿಯೊಳಗೆ. ಅಲ್ಲಿ ಬಟ್ಟೆ ಹಾಕಿ ನೋಡುವವರಿಗೆಂದು ಮೂರು ಮಡಿಕೆಯ ಆಳುದ್ದದ ಕನ್ನಡಿ ಇದೆ. ನಾನು ಇಳಿಯುವ ಹೊತ್ತಿಗೆ ಅಕ್ಕ ಅದರ ಮೇಲೆ ಒಂದು ಹಳೇ ಬೆಡ್‌ಶೀಟು ಹೊದಿಸಿರುತ್ತಾಳೆ. ಕೇಳಿದರೆ, "ಧೂಳು ಕಣೇ," ಅನ್ನುತ್ತಾಳೆ. ನಲವತ್ತು ವರ್ಷ ಇಲ್ಲದ ಧೂಳು ಈಗ ಎಲ್ಲಿಂದ ಬಂತೋ. ನಾನೂ ಧೂಳು ಎಂದೇ ಇಟ್ಟುಕೊಂಡಿದ್ದೇನೆ.

ಹುಬ್ಬು: ಇಲ್ಲ. ಕೆನ್ನೆ: ಎರಡು. ಫೋಟೋ: ಇಲ್ಲ.

ಆಗಸ್ಟ್ 2, ಶುಕ್ರವಾರ

ಹದಿನಾಲ್ಕು ಸೆಲ್ಫಿಗಳು ದೊಡ್ಡದಾಗಿ ಪ್ರಿಂಟಾಗಿ ಬಂದವು. ಎಲ್ಲರೂ ವಿಭಾಗದ ಖಾಕಿ ಕೋಟು ಹಾಕಿಕೊಂಡು ನಿಂತಿದ್ದಾರೆ. ನನ್ನ ಪದ್ಧತಿಯಂತೆ, ಮುಖ ನೋಡಿದರೆ ದಾಕ್ಷಿಣ್ಯ ಹುಟ್ಟುತ್ತದೆ ಎಂದು ಮನುಷ್ಯ ನಿಂತ ಜಾಗಕ್ಕೆ ಒಂದು ರಟ್ಟು ಮುಚ್ಚಿ, ಬರೀ ಗೋಡೆ ನೋಡಿ ಅಂಕ ಕೊಟ್ಟೆ.

ಎಂಥ ಅನ್ಯಾಯ! ಐದು ಚಿತ್ರಗಳಲ್ಲಿ ಪದರ ಬಲಕ್ಕೆ, ಅಂದರೆ ಪೂರ್ವಕ್ಕೆ ಇಳಿದಿದೆ. ಅದು ಸರಿ. ಒಂಬತ್ತರಲ್ಲಿ ಎಡಕ್ಕೆ ಇಳಿದಿದೆ. ಆ ಗೋಡೆಯಲ್ಲಿ ಎಡಕ್ಕೆ ಇಳಿದ ಒಂದೇ ಒಂದು ಪದರ ಇಲ್ಲ, ಇಪ್ಪತ್ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಅಂದರೆ ಕ್ವಾರಿಗೆ ಹೋಗುವ ಸೋಮಾರಿತನಕ್ಕೆ ಬೇರೆಲ್ಲೋ ನಿಂತು ತೆಗೆದಿದ್ದಾರೆ. ಎಂಟು ಮಂದಿ ರಾಜಾರೋಷವಾಗಿ ಪಶ್ಚಿಮ ಎಂದು ಬರೆದೂ ಇದ್ದಾರೆ. ಅವರಿಗೆ ಸೊನ್ನೆ.

ಒಂಬತ್ತನೆಯದು ಟೋಪಿಯದು. ಚಿತ್ರದಲ್ಲಿ ಎಡ, ಬರೆದಿರುವುದು ಪೂರ್ವ! ಜಾಗ ಸುಳ್ಳು, ಉತ್ತರ ಯಾರದ್ದೋ ನಕಲು. ಟೋಪಿ ನನಗೇ ಟೋಪಿ ಹಾಕಲು ಹೊರಟಿದ್ದಾಳೆ.

ಹುಬ್ಬು: ಇಲ್ಲ. ಕೆನ್ನೆ: ಸಿಟ್ಟಿನಲ್ಲಿ ಚೆನ್ನಾಗಿ ಉಬ್ಬಿತು. ಫೋಟೋ: ಇಲ್ಲ.

ಆಗಸ್ಟ್ 5, ಸೋಮವಾರ

ಎಲ್ಲರ ಮುಂದೆ ಟೋಪಿಯನ್ನು ಎಬ್ಬಿಸಿ ನಿಲ್ಲಿಸಿ ಕೇಳಿದೆ.

"ನಾನು ಅಲ್ಲೇ ನಿಂತಿದ್ದೆ ಮೇಡಂ. ದಿಕ್ಸೂಚಿ ಇಟ್ಟು ನೋಡಿ ಬರೆದೆ."

"ಹಾಗಾದ್ರೆ ಗೋಡೆ ತಿರುಗಿ ಮಲಗಿತಾ?"

"ಗೊತ್ತಿಲ್ಲ ಮೇಡಂ. ಫೋಟೋ ಯಾಕೆ ಹಾಗಿದೆ ಅಂತ ನಂಗೂ ಗೊತ್ತಾಗ್ಲಿಲ್ಲ." ಆಮೇಲೆ ಮೆಲ್ಲಗೆ, "ನೀವು ಫೋಟೋನ ಸರಿಯಾಗಿ ನೋಡಿದ್ರಾ?" ಎಂದಳು.

ನನಗೆ ಕೇಳುವ ಪ್ರಶ್ನೆಯೇ ಇದು! ಮಧ್ಯಾಹ್ನವೇ ನಕಲು ಎಂದು ಲಿಖಿತ ದೂರು ಕೊಟ್ಟೆ. ಸಮಿತಿ ಒಪ್ಪಿದರೆ ಅವಳು ಒಂದು ವರ್ಷ ಈ ಕೋರ್ಸಿನಿಂದ ಹೊರಗೆ. ಮುಖ್ಯಸ್ಥರು ಓದಿ, "ನಿಮಗೆ ಖಾತ್ರಿನಾ ಮೇಡಂ?" ಎಂದರು. ಖಾತ್ರಿ ಅಂದೆ. ಅವರು ದೂರನ್ನು ಫೈಲಿಗೆ ಸೇರಿಸಿದರು.

ಹುಬ್ಬು: ಇಲ್ಲ. ಉಳಿದದ್ದು ಮಾಡಲಿಲ್ಲ.

ಆಗಸ್ಟ್ 10, ಶನಿವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಪ್ರದರ್ಶನಕ್ಕೆ ಚೌಕಟ್ಟು ಹಾಕಿಸಬೇಕೆಂದು ಪ್ರಿಂಟುಗಳನ್ನು ಅಕ್ಕನ ಕತ್ತರಿಸುವ ಮೇಜಿನ ಮೇಲೆ ಹರಡಿದ್ದೆ. ಅಕ್ಕ ಕನ್ನಡಕ ಮೂಗಿಗೆ ಇಳಿಸಿಕೊಂಡು ಬಂದು ನಿಂತಳು. ಆ ಹದಿನಾಲ್ಕು ಖಾಕಿ ಕೋಟುಗಳನ್ನು ಹೊಲಿದವಳು ಅವಳೇ. ಒಂದೊಂದೇ ಫೋಟೋ ನೋಡುತ್ತಾ ಅವಳ ಮುಖ ಕೆಂಪಗಾಯಿತು.

"ಇದು ನನ್ನ ಹೊಲಿಗೆ ಅಲ್ಲ!"

"ನಿಂದೇ ಅಕ್ಕ. ನೀನೇ ಅಲ್ವಾ ಅಳತೆ ತಗೊಂಡಿದ್ದು?"

"ನಾನು ಪೆನ್ನಿನ ಜೇಬು ಇಟ್ಟಿದ್ದು ಎದೆಯ ಎಡಕ್ಕೆ. ಹದಿನಾಲ್ಕಕ್ಕೂ. ಎದುರಿಗೆ ನಿಂತವರ ಎಡ ಅಂದ್ರೆ ನನ್ನ ಬಲಗೈ ಕಡೆ ಬರ್ಬೇಕು. ಈ ಐದರಲ್ಲಿ ಬಂದಿದೆ. ಆ ಒಂಬತ್ತರಲ್ಲಿ ನೋಡೇ, ಎಡಗೈ ಕಡೆ ಕೂತಿದೆ! ಯಾವನು ಬಿಚ್ಚಿ ಹೊಲಿದ?"

ನಾನು ಬಗ್ಗಿದೆ. ಒಂಬತ್ತು. ಅದೇ ಒಂಬತ್ತು.

"ಈ ಹುಡುಗಿ ಟೋಪಿ ನೋಡು," ಅಕ್ಕ ಮುಂದುವರಿಸಿದಳು, "ಅಕ್ಷರ ಎಲ್ಲಾ ತಿರುಗಾಮುರುಗಾ. ಕನ್ನಡೀಲಿ ನೋಡಿದ ಹಾಗಿದೆ."

ಮೊಬೈಲಿನ ಮುಂದಿನ ಕ್ಯಾಮೆರಾ ಕನ್ನಡಿಯ ಕೆಲಸ ಮಾಡುತ್ತದೆ! ಕೆಲವು ಫೋನುಗಳು ಚಿತ್ರ ಉಳಿಸುವಾಗ ತಿರುಗಿಸಿ ಸರಿಮಾಡುತ್ತವೆ, ಕೆಲವು ಹಾಗೇ ಬಿಡುತ್ತವೆ. ಎಡ ಬಲವಾಗುತ್ತದೆ, ಜೇಬು ಪಕ್ಕ ಬದಲಿಸುತ್ತದೆ, ಪೂರ್ವಕ್ಕೆ ಇಳಿದ ಕಲ್ಲು ಪಶ್ಚಿಮಕ್ಕೆ ಇಳಿಯುತ್ತದೆ. ಜೀವನದಲ್ಲಿ ಒಂದೇ ಒಂದು ಸೆಲ್ಫಿ ತೆಗೆದುಕೊಂಡಿದ್ದರೆ ನನಗಿದು ಗೊತ್ತಿರುತ್ತಿತ್ತು. ರಟ್ಟು ಮುಚ್ಚದೆ ನೋಡಿದ್ದರೆ ಟೋಪಿಯ ಮೇಲಿನ ಅಕ್ಷರವೇ ಕೂಗಿ ಹೇಳುತ್ತಿತ್ತು. ಆ ಹುಡುಗಿ ಕೇಳಿದ್ದಳಲ್ಲ, ಸರಿಯಾಗಿ ನೋಡಿದಿರಾ ಎಂದು.

ಎಂಟು ಮಂದಿಯ ತಪ್ಪೂ ಇದೆ, ಕ್ವಾರಿಯಲ್ಲಿ ದಿಕ್ಸೂಚಿ ಇಡದೆ ಮನೆಯಲ್ಲಿ ಫೋಟೋ ನೋಡಿ ಬರೆದಿದ್ದಾರೆ. ಸರಿಯಾಗಿ ಕೆಲಸ ಮಾಡಿದವಳು ಒಬ್ಬಳೇ, ಅವಳ ಮೇಲೆ ನಾನು ದೂರು ಬರೆದೆ. ನಾಚಿಕೆಯಾಗುತ್ತಿದೆ. ಈ ಮುಖಕ್ಕಾಗಿಯೂ ನಾನು ಇಷ್ಟು ನಾಚಿಕೆ ಪಟ್ಟಿರಲಿಲ್ಲ.

ದೂರು ವಾಪಸ್ ತೆಗೆದುಕೊಳ್ಳಬೇಕೆಂದರೆ ಕಾರಣ ಬರೆದು ಕೊಡಬೇಕು. ಅಧ್ಯಾಪಕಿಯೇ ತಪ್ಪು ಮಾಡಿದರು ಎಂಬ ಕಾಗದ ಫೈಲಿನಲ್ಲಿ ಬಿದ್ದರೆ ಪರೀಕ್ಷಾ ವಿಭಾಗದ ಕುರ್ಚಿ ನನಗೆ ಖಾಯಂ. ಬೀಳಲಿ. ಬರೆಯುವವಳೇ.

ಹುಬ್ಬು: ನೋಡಲಿಲ್ಲ.

ಆಗಸ್ಟ್ 11, ಭಾನುವಾರ

ಸಿದ್ಧಾಂತ ಇದ್ದರೆ ಸಾಲದು, ಪುರಾವೆ ಬೇಕು. ಬೆಳಿಗ್ಗೆ ಏಳಕ್ಕೆ ಒಬ್ಬಳೇ ಕ್ವಾರಿಗೆ ಹೋದೆ. ಗೋಡೆಗೆ ಬೆನ್ನು ಕೊಟ್ಟು ಫೋನು ಎತ್ತಿದೆ. ಕಪ್ಪು ಕನ್ನಡಕದಲ್ಲಿ ಪರದೆ ಸರಿಯಾಗಿ ಕಾಣಲಿಲ್ಲ, ತೆಗೆದು ಜೇಬಿಗೆ ಹಾಕಿದೆ.

ಎರಡೂವರೆ ತಿಂಗಳಾದ ಮೇಲೆ ನನ್ನ ಮುಖ ನೋಡಿದೆ. ಒಂದು ಕಲ್ಲಿನ ಮೇಲೆ ಕೂತು ಅತ್ತೆ. ಅಳುವಾಗ ಬಲಗಡೆ ಮಾತ್ರ ಅಳುತ್ತದೆ, ಎಡಗಡೆ ಸುಮ್ಮನೆ ನೀರು ಸುರಿಸುತ್ತದೆ. ಹತ್ತು ನಿಮಿಷ ಆಗಿರಬೇಕು.

ಆಮೇಲೆ ಫೋಟೋ ಉಳಿಸಿ ನೋಡಿದೆ. ಪದರ ಎಡಕ್ಕೆ ಇಳಿದಿದೆ. ನನ್ನ ಸುತ್ತಿಗೆಯ ಫೋಟೋ ಹಿಂದಿನ ಕ್ಯಾಮೆರಾದ್ದು, ಅದರಲ್ಲಿ ಬಲಕ್ಕೆ. ಪಕ್ಕಪಕ್ಕ ಇಟ್ಟೆ. ಪುರಾವೆ ಸಿಕ್ಕಿತು.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ನಾಳೆ ತರಗತಿಯಲ್ಲಿ ಬೇಕಾಗುತ್ತದೆ.

ಆಗಸ್ಟ್ 12, ಸೋಮವಾರ

ಎಂಥ ತರಗತಿ! ಇಂಥದ್ದು ಹತ್ತು ವರ್ಷದಲ್ಲಿ ನಡೆದಿರಲಿಲ್ಲ.

ಮೊದಲು ಟೋಪಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳಿಸುವಂತೆ, "ತಪ್ಪು ನಂದು. ನೀನು ಅಲ್ಲೇ ನಿಂತಿದ್ದೆ. ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ," ಅಂದೆ. ಅವಳು ಟೋಪಿ ಕಣ್ಣಿನವರೆಗೂ ಎಳೆದುಕೊಂಡಳು.

ಆಮೇಲೆ ನನ್ನ ಸೆಲ್ಫಿಯನ್ನು ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಹಾಕಿದೆ. ಪಕ್ಕದಲ್ಲಿ ನಾನು ನಿಂತೆ, ಕನ್ನಡಕ ಇಲ್ಲದೆ. ಹೋಲಿಸಿ ನೋಡಬೇಕಾಗಿತ್ತಲ್ಲ.

"ನನ್ನ ಮುಖದ ಯಾವ ಕಡೆ ಕೆಟ್ಟಿದೆ?"

ಕೆಲವರು ನೋಟ್‌ಬುಕ್ಕಿನಲ್ಲಿ ತಲೆ ಹುದುಗಿಸಿದರು.

"ತಲೆ ತಗ್ಗಿಸಿದ್ರೆ ಕಲ್ಲು ಕಾಣ್ಸುತ್ತಾ? ನೋಡ್ರಪ್ಪಾ. ನೋಡಿ ಹೇಳಿ."

"ಎಡಗಡೆ ಮೇಡಂ," ಟೋಪಿ ಹೇಳಿದಳು. "ನಿಮ್ಮ ಎಡಗಡೆ. ನಮಗೆ ಬಲಕ್ಕೆ ಕಾಣ್ಸುತ್ತೆ."

"ಫೋಟೋದಲ್ಲಿ?"

ಒಂದು ಕ್ಷಣ ಬೇಕಾಯಿತು. "ಅಯ್ಯೋ! ಎಡಕ್ಕಿದೆ!" ಎಂದು ನಾಲ್ಕೈದು ಮಂದಿ ಒಟ್ಟಿಗೆ ಕೂಗಿದರು.

"ಮುಖ ತಿರುಗಿದೆ ಅಂದ್ರೆ ಗೋಡೆನೂ ತಿರುಗಿದೆ. ನಿಮ್ಮದೆಲ್ಲಾ ಚೆಂದದ ಮುಖಗಳು, ಎರಡೂ ಕಡೆ ಒಂದೇ ಥರ. ತಿರುಗಿದ್ರೂ ಗೊತ್ತಾಗಲ್ಲ. ಇಡೀ ವಿಭಾಗದಲ್ಲಿ ಎಡ ಬಲ ಹೇಳೋ ಮುಖ ಇರೋದು ನಂದೊಂದೇ."

ಅವರು ನಕ್ಕರು. ನಾನೂ ನಕ್ಕೆ, ಬಾಯಿ ಬಲಕ್ಕೆ ಓಡಿತು, ಹಿಂದಿನ ಬೆಂಚಿನಿಂದ ಯಾರೋ "ಮೇಡಂ, ನಕ್ಕರೆ ಇನ್ನೂ ಸ್ಪಷ್ಟ!" ಎಂದು ಕೂಗಿದರು. ಅಂಗೈಯಗಲದ ಪಾಠ ಎರಡು ಗಂಟೆ ನಡೆಯಿತು. ಎಂಟು ಮಂದಿಗೆ ದಿಕ್ಸೂಚಿ ಹಿಡಿದು ಮತ್ತೆ ಕ್ವಾರಿಗೆ ಹೋಗುವ ಶಿಕ್ಷೆ ಕೊಟ್ಟೆ. ಉಳಿದ ಆರು ಮಂದಿಯೂ ತಾವಾಗಿ ಜೊತೆಗೆ ಹೊರಟರು, ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ಹದಿನೈದು ಮಂದಿ ಒಂದೇ ಫೋಟೋದಲ್ಲಿ. ಇನ್ನು ಪ್ರತಿ ತರಗತಿಯ ಕೊನೆಗೂ ಇದೇ ಗೋಡೆಯ ಮುಂದೆ ಹೀಗೊಂದು ತೆಗೆಯಬೇಕಂತೆ, ನಾನು ಮಧ್ಯದಲ್ಲಿರಬೇಕಂತೆ, ಎಡ ಬಲ ಗೊತ್ತಾಗಲು. ಆಗಲಿ ಅಂದೆ, ಅವರ ಅನುಕೂಲಕ್ಕೆ.

ನಾಲ್ಕು ಗಂಟೆಗೆ ಮುಖ್ಯಸ್ಥರಿಗೆ ಕಾಗದ ಕೊಟ್ಟೆ. ಓದಿದರು, ಮತ್ತೊಮ್ಮೆ ಓದಿದರು.

"ಮೇಡಂ, ಇದು ಫೈಲಿಗೆ ಹೋದ್ರೆ ನಿಮಗೇ ತೊಂದರೆ. ಬಾಯಲ್ಲಿ ಹೇಳಿದ್ರೂ ಸಾಕಿತ್ತು."

"ದೂರು ಬಾಯಲ್ಲಿ ಹೇಳಿರ್ಲಿಲ್ಲ, ಬರೆದಿದ್ದೆ. ಇದೂ ಬರವಣಿಗೆಯಲ್ಲೇ ಇರ್ಲಿ."

ಅವರು ಕಾಗದವನ್ನು ಫೈಲಿಗೆ ಸೇರಿಸಿದರು. ನನ್ನ ತರಗತಿಯ ತೀರ್ಮಾನ ಪ್ರದರ್ಶನದ ದಿನವೇ, ಸೆಪ್ಟೆಂಬರ್ ಆರಕ್ಕೆ ತಿಳಿಸುತ್ತಾರಂತೆ.

ಆಗಸ್ಟ್ 23, ಶುಕ್ರವಾರ

ಕಪ್ಪು ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಹುಡುಕಲು ಪುರುಸೊತ್ತೂ ಇಲ್ಲ. ಇಂಗ್ಲಿಷ್ ವಿಭಾಗದಿಂದ ಇಬ್ಬರು ಬಂದು ನನ್ನ ಪಾಠದಲ್ಲಿ ಕೂತಿದ್ದರು, ತಮ್ಮ ಸೆಲ್ಫಿಗಳಲ್ಲಿ ಏನು ಕಲಿಸುವುದೆಂದೇ ಅವರಿಗೆ ಹೊಳೆದಿಲ್ಲವಂತೆ. ಬರಲಿ, ನೋಡಿ ಕಲಿಯಲಿ.

ಪಾಠ ಮುಗಿದ ಮೇಲೆ ಹುಡುಗರ ಜೊತೆ ಕ್ಯಾಂಟೀನಿನಲ್ಲಿ ಟೀ. ಗಲ್ಲದ ಮೇಲೆ ಒಂದಿಷ್ಟು ಇಳಿಯಿತು. ಟೋಪಿ ಮಾತು ನಿಲ್ಲಿಸದೆ ಕರ್ಚೀಫು ಕೊಟ್ಟಳು. ಹೆಸರಾದ ಜಗಳಗಂಟಿ, ನನ್ನ ಜೊತೆ ಮರಳುಗಲ್ಲಿನ ಬಗ್ಗೆ ವಾದಕ್ಕಿಳಿದಿದ್ದಳು. ಸೋತದ್ದು ಅವಳೇ.

ಸೆಪ್ಟೆಂಬರ್ 6, ಶುಕ್ರವಾರ

ಪ್ರದರ್ಶನ. ಬೇರೆ ವಿಭಾಗದವರು ಗ್ರಂಥಾಲಯದ ಮುಂದೆ, ಹೂಕುಂಡದ ಮುಂದೆ, ಪ್ರಯೋಗಾಲಯದ ಬಾಗಿಲ ಮುಂದೆ ನಿಂತು ಹಲ್ಲು ಕಿರಿದಿದ್ದಾರೆ. ನಮ್ಮ ಗೋಡೆಯ ಮುಂದೆ ಮಾತ್ರ ಜನ ಕುತ್ತಿಗೆ ಓರೆ ಮಾಡಿಕೊಂಡು ನಿಂತಿದ್ದರು. ಮೊದಲಿಗೆ ನನ್ನ ಸೆಲ್ಫಿ, ಪಕ್ಕದಲ್ಲಿ ನಮ್ಮ ಗುಂಪು ಫೋಟೋಗಳು, ಕೆಳಗೆ ಟೋಪಿಯ ಕೈಬರಹದಲ್ಲಿ ಒಂದು ಸೂಚನೆ: "ಮೇಡಂ ಅವರ ಜೋತ ಕೆನ್ನೆ ನಿಮ್ಮ ಬಲಕ್ಕಿದ್ದರೆ ಚಿತ್ರ ನಂಬಿ. ಎಡಕ್ಕಿದ್ದರೆ ತಿರುಗಿಸಿ ಓದಿ." ಬರೆಯುವ ಮುಂಚೆ ಅನುಮತಿ ಕೇಳಿದ್ದಳು. 'ಜೋತ' ಎನ್ನಲು ಹಿಂಜರಿದಾಗ, ಸರಿಯಾದ ಪದವೇ ಬರೆ ಅಂದಿದ್ದೆ.

ಮುಖ್ಯಸ್ಥರು ನನ್ನ ಸೆಲ್ಫಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ನನಗೆ ಭಯವಾಗಿತ್ತು, ಸುಳ್ಳೇಕೆ ಹೇಳಲಿ. ತರಗತಿ ಹೋದರೆ ನನಗೆ ಉಳಿಯುವುದಾದರೂ ಏನು?

"ಪರೀಕ್ಷಾ ವಿಭಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀನಿ ಮೇಡಂ," ಎಂದರು. "ನಿಮ್ಮ ಆ ಕಾಗದ ಫೈಲಲ್ಲೇ ಇದೆ. ಮುಂದೆ ದೂರು ಕೊಡೋಕೆ ಬಂದವರಿಗೆಲ್ಲಾ ಮೊದಲು ಅದನ್ನ ಓದೋಕೆ ಕೊಡ್ತೀನಿ." ಹೊರಡುವ ಮುನ್ನ ತಿರುಗಿ, "ನನ್ನ ತಲೆಯ ನೆರಳಿಗೆ ಕಳೆದ ಎರಡು ಅಂಕ ಈಗ್ಲಾದ್ರೂ ವಾಪಸ್ ಕೊಡ್ತೀರಾ?"

"ಸುತ್ತಿಗೆ ಮೇಲೇ ಬಿದ್ದಿತ್ತು ನೆರಳು. ಕೊಡಲ್ಲ," ಅಂದೆ.

ಸೆಪ್ಟೆಂಬರ್ 14, ಶನಿವಾರ

ಡಾಕ್ಟರಮ್ಮ ಈ ಪುಸ್ತಕ ಕೇಳಿ ಹುಬ್ಬು-ಕೆನ್ನೆಯ ಲೆಕ್ಕ ಆಗಸ್ಟ್ ಹತ್ತಕ್ಕೇ ನಿಂತಿರುವುದನ್ನು ಕಂಡುಹಿಡಿದರು. ಬೈಸಿಕೊಂಡೆ. "ಫೋಟೋನೂ ತೆಗೆದಿರಲ್ಲ ನೀವು," ಎಂದರು. ಏನೋ ಇದೆ ನೋಡಿ ಎಂದು ತರಗತಿಯ ಗುಂಪು ಫೋಟೋಗಳನ್ನು ತೋರಿಸಿದೆ. ಅವರು ಒಂದೊಂದನ್ನೇ ದೊಡ್ಡದು ಮಾಡಿ, ನನ್ನ ಮುಖವನ್ನಷ್ಟೇ ಸಾಲಾಗಿ ಜೋಡಿಸಿದರು. ಹನ್ನೊಂದು ಚಿತ್ರ. ಹಿಂದಿನ ಕಲ್ಲು ಎಲ್ಲದರಲ್ಲೂ ಅದೇ. ಮುಂದಿನ ಮುಖದಲ್ಲಿ ಕಣ್ಣು ಒಂದಿಷ್ಟೊಂದಿಷ್ಟೇ ಮುಚ್ಚುತ್ತಾ ಬಂದಿದೆ.

"ಕಣ್ಣು ಮುಚ್ಚಿ ನೋಡೋಣ," ಎಂದರು. ಮುಚ್ಚಿದೆ. ಕತ್ತಲಾಯಿತು. ಎರಡೂ ಕಡೆ.

ಸೆಪ್ಟೆಂಬರ್ 16, ಸೋಮವಾರ

ಟೋಪಿ ಬೆಳಿಗ್ಗೆ ಎಂಟಕ್ಕೇ ಫೋನು ಮಾಡಿ ಹೊಸ ತಕರಾರು ತೆಗೆದಳು. "ಮೇಡಂ, ನಿಮ್ಮ ಮುಖ ಸರಿಹೋಗ್ತಾ ಇದೆ. ಹೀಗೇ ಆದ್ರೆ ಮುಂದಿನ ವರ್ಷದವರಿಗೆ ಎಡ ಬಲ ಹೇಗೆ ಗೊತ್ತಾಗುತ್ತೆ?"

ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಅಂಗಡಿಗೆ ಇಳಿದು ಅಕ್ಕನಿಗೆ ಹದಿನೈದನೆಯ ಖಾಕಿ ಕೋಟು ಹೊಲಿಯಲು ಹೇಳಿದೆ. ಪೆನ್ನಿನ ಜೇಬು ಎಡಕ್ಕೆ, ಎದ್ದು ಕಾಣುವ ಬಣ್ಣದ ಬಟ್ಟೆಯಲ್ಲಿ. ಅಕ್ಕ ಟೇಪು ಹಿಡಿದು ನನ್ನನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಅಳೆದಳು. ಜೇಬು ಎಷ್ಟು ಮೇಲೆ ಬರಬೇಕೆಂದು ನಾನು ಕನ್ನಡಿಯಲ್ಲಿ ನೋಡಿ ಬೆರಳಿಟ್ಟು ತೋರಿಸುತ್ತಿದ್ದೆ. ಮೂರು ಮಡಿಕೆಯಲ್ಲಿ ಮೂರು ಕಡೆಯಿಂದ ಚೆನ್ನಾಗಿ ಕಾಣುತ್ತದೆ.

ಅಕ್ಕನ ಕೈ ಇದ್ದಕ್ಕಿದ್ದಂತೆ ನಿಂತಿತು. ನೋಡಿದರೆ ಅವಳ ಕಣ್ಣಲ್ಲಿ ನೀರು. ಬೆಡ್‌ಶೀಟು ಮೂಲೆಯಲ್ಲಿ ಮಡಚಿ ಬಿದ್ದಿತ್ತು.

"ಏನಾಯ್ತೇ?" ಅಂದೆ.

"ಏನಿಲ್ಲ ಕಣೇ. ಧೂಳು."

"ಹಾಗಾದ್ರೆ ಬೇಗ ಅಳತೆ ಮುಗಿಸು. ಹತ್ತಕ್ಕೆ ನನಗೆ ಕ್ಲಾಸಿದೆ."